ಲಕ್ಕಿ ಸೊಪ್ಪಿನ ಸಾರ: ಇಲಿಯ ಬಾವು ಇಳಿಯಿತು, ಹಾಟ್ ಪ್ಲೇಟ್‌ನಲ್ಲಿ ಮಾತ್ರ ಏನೂ ಇಲ್ಲ. ಯಾಕೆ?

ಸೇಡಂ ಹುಡುಗಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಎಂ.ಫಾರ್ಮ್ ಎರಡನೇ ವರ್ಷ ಓದುತ್ತಿದ್ದೇನೆ, ಫಾರ್ಮಕಾಲಜಿ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ. ಗೈಡ್ ಮುಂದೆ ನಿಲ್ಲುವ ಮೊದಲು ತಿಳಿದವರ ಹತ್ತಿರ ಒಮ್ಮೆ ಕೇಳೋಣ ಅನ್ನಿಸಿತು.

ನನ್ನ ಥೀಸಿಸ್ ಲಕ್ಕಿ ಗಿಡದ ಮೇಲೆ, ವೈಟೆಕ್ಸ್ ನೆಗುಂಡೊ. ನಮ್ಮ ಕಡೆ ಹಳ್ಳದ ದಂಡೆಗೆಲ್ಲ ಇದೇ ಗಿಡ. ಬೆರಳು ಬಿಚ್ಚಿದ ಅಂಗೈ ಹಾಗೆ ಐದೈದು ಎಲೆ, ಅಡಿಯಲ್ಲಿ ಬೂದಿ ಬಣ್ಣ, ಹಿಸುಕಿದರೆ ಮೂಗಿಗೆ ಬಡಿಯುವ ಘಾಟು. ನಮ್ಮ ಆಯಿ ತೊಗರಿ ತುಂಬಿಡುವಾಗ ಹುಳ ಬೀಳಬಾರದು ಅಂತ ನಡುನಡುವೆ ಇದರ ಒಣ ಎಲೆ ಹಾಕುತ್ತಾಳೆ. ಮೊಣಕಾಲು ಹಿಡಿದುಕೊಂಡ ದಿನ ಹಂಚಿನ ಮೇಲೆ ಬಾಡಿಸಿ ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತಾಳೆ. ಅಲ್ಲಿಂದಲೇ ನನ್ನ ವಿಷಯ ಹುಟ್ಟಿದ್ದು.

ಮಳಖೇಡದ ಹತ್ತಿರ ಕಾಗಿಣಾ ದಂಡೆಯಲ್ಲಿ ಸೊಪ್ಪು ಕಿತ್ತೆ. ಗಿಡದ ಗುರುತು ಸಸ್ಯಶಾಸ್ತ್ರದವರಿಂದ ಖಚಿತ ಮಾಡಿಸಿ, ಒಂದು ಟೊಂಗೆ ಹರ್ಬೇರಿಯಂಗೆ ಕೊಟ್ಟಿದ್ದೇನೆ. ನೆರಳಲ್ಲಿ ಒಣಗಿಸಿ ಪುಡಿ ಮಾಡಿದ್ದು 500 ಗ್ರಾಂ. 70 ಪರ್ಸೆಂಟ್ ಎಥನಾಲ್‌ನಲ್ಲಿ ನೆನೆಹಾಕಿ, ಸೋಸಿ, ರೋಟರಿ ಇವಾಪರೇಟರ್ ಯಂತ್ರದಲ್ಲಿ ಎಥನಾಲ್ ಇಂಗಿಸಿದ ಮೇಲೆ ಸಿಕ್ಕ ಸಾರ 58 ಗ್ರಾಂ. ಕಪ್ಪು ಹಸಿರು ಬಣ್ಣ, ಜೋನಿ ಬೆಲ್ಲದ ಹಾಗೆ ಅಂಟು. ಸ್ಪ್ಯಾಚುಲಾಗೆ ಹತ್ತಿದರೆ ಬಿಡುವುದೇ ಇಲ್ಲ.

ವಿಷ ಪರೀಕ್ಷೆ ಒಇಸಿಡಿ 423 ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಆಯಿತು. ಹೆಣ್ಣಿಲಿಗಳಿಗೆ ಮೂರು ಮೂರರಂತೆ 2000 ಮಿ.ಗ್ರಾಂ ಕೊಟ್ಟು 14 ದಿನ ನೋಡಿದೆವು. ಒಂದೂ ಸಾಯಲಿಲ್ಲ. ಹಾಗಾಗಿ ಡೋಸು 200 ಮತ್ತು 400 ಇಟ್ಟುಕೊಂಡೆ. ಎಲ್ಲ ಡೋಸೂ ಕಿಲೋ ತೂಕಕ್ಕೆ, ಬಾಯಿ ಮೂಲಕ.

ಬಾವು ಇಳಿಸುವ ಗುಣಕ್ಕೆ ಕ್ಯಾರಜೀನನ್ ಪರೀಕ್ಷೆ. ಕ್ಯಾರಜೀನನ್ ಅಂದರೆ ಚುಚ್ಚಿದ ಜಾಗ ಬಾತುಕೊಳ್ಳುವ ಹಾಗೆ ಮಾಡುವ ವಸ್ತು. ವಿಸ್ಟಾರ್ ಇಲಿ, ಗುಂಪಿಗೆ 6, ನಾಲ್ಕು ಗುಂಪು. ಮದ್ದು ಕೊಟ್ಟು ಒಂದು ತಾಸಿನ ಮೇಲೆ ಬಲ ಹಿಂಗಾಲಿನ ಪಾದಕ್ಕೆ 1 ಪರ್ಸೆಂಟ್ ಕ್ಯಾರಜೀನನ್ 0.1 ಮಿ.ಲೀ. ಚುಚ್ಚಿ, ಪಾದದ ಗಾತ್ರ ತೋರಿಸುವ ಪಾದರಸದ ಪ್ಲೆಥಿಸ್ಮೋಮೀಟರ್‌ನಲ್ಲಿ ತಾಸಿಗೊಮ್ಮೆ ಅಳೆದೆವು. 3ನೇ ತಾಸಿಗೆ ಕಂಟ್ರೋಲ್, ಅಂದರೆ ಮದ್ದಿಲ್ಲದ ಇಲಿಗಳ ಪಾದ ಸರಾಸರಿ 0.62 ಮಿ.ಲೀ. ಬಾತಿತ್ತು. ಲಕ್ಕಿ 200ರಲ್ಲಿ 0.48, ಲಕ್ಕಿ 400ರಲ್ಲಿ 0.37, ಹೋಲಿಕೆಗೆ ಇಟ್ಟ ನೋವು ನಿವಾರಕ ಡೈಕ್ಲೋಫೆನಾಕ್ 10 ಮಿ.ಗ್ರಾಂನಲ್ಲಿ 0.25. ಅಂದರೆ 400ಕ್ಕೆ 40 ಪರ್ಸೆಂಟ್ ಬಾವು ಕಡಿಮೆ, ಡೈಕ್ಲೋಗೆ 60. ಮೊದಲ ತಾಸಿನಲ್ಲಿ ಮಾತ್ರ ಲಕ್ಕಿಯ ಪರಿಣಾಮ ಇಲ್ಲವೇ ಇಲ್ಲ ಅನ್ನಬಹುದು.

ಇಷ್ಟು ಬಂದಾಗ ಹಾಸ್ಟೆಲ್‌ನಲ್ಲಿ ಎಲ್ಲರಿಗೂ ಚಹಾ ಕುಡಿಸಿದ್ದೆ.

ಆಮೇಲೆ ನೋವಿಗೆ ಹಾಟ್ ಪ್ಲೇಟ್, ಅಂದರೆ ಕಾಯಿಸಿದ ತಟ್ಟೆ ಮೇಲೆ ಇಲಿ ಬಿಟ್ಟು ಎಷ್ಟು ಹೊತ್ತಿಗೆ ಪಾದ ನೆಕ್ಕುತ್ತದೆ ಅಂತ ನೋಡುವುದು. 55 ಡಿಗ್ರಿ, 15 ಸೆಕೆಂಡಿನ ಮೇಲೆ ಇಲಿಯನ್ನು ತಟ್ಟೆಯಲ್ಲಿ ಬಿಡುವುದಿಲ್ಲ. ಮದ್ದಿಗೆ ಮುಂಚೆ 4.1 ಸೆಕೆಂಡಿಗೆ ಪಾದ ನೆಕ್ಕುತ್ತಿದ್ದ ಇಲಿ, ಲಕ್ಕಿ 400 ಕೊಟ್ಟು ತಾಸಾದ ಮೇಲೆ 4.6 ಸೆಕೆಂಡಿಗೆ ನೆಕ್ಕಿತು. ಅಷ್ಟೇ. ಬಾವು ಇಳಿಸುವ ಸಾರ ನೋವು ಯಾಕೆ ಇಳಿಸಲಿಲ್ಲ? ಥೀಸಿಸ್ ಹೆಸರಲ್ಲೇ ನೋವು ಮತ್ತು ಉರಿಯೂತ ಎರಡೂ ಇದೆ. ಈಗ ನಾನು ಏನಂತ ಬರೆಯಲಿ?

ಬಿಸಿಲೂರು, ಕಲಬುರಗಿ

ತಂಗಿ, ಹಾಟ್ ಪ್ಲೇಟ್‌ನಲ್ಲಿ ಡೈಕ್ಲೋಫೆನಾಕ್ ಗುಂಪು ಇತ್ತಾ? ಅದು ಎಷ್ಟು ಬಂತು?

ಸೇಡಂ ಹುಡುಗಿ

ಇತ್ತು ಅಣ್ಣಾ. 4.4. ಅದಕ್ಕೇ ಯಂತ್ರವೇ ಕೆಟ್ಟಿದೆಯೇನೋ ಅಂತ ಥರ್ಮಾಮೀಟರ್ ಇಟ್ಟು ನೋಡಿದೆ. ಸರಿಯಾಗಿಯೇ ಇದೆ.

ಬಿಸಿಲೂರು

ಯಂತ್ರ ಕೆಟ್ಟಿಲ್ಲ. ಕಾಯ್ದ ತಟ್ಟೆ ಮೇಲೆ ಕಾಲಿಟ್ಟರೆ ಆಗುವ ನೋವಿಗೆ ಬಾವು ಬೇಕಿಲ್ಲ, ಉರಿಯೂತದಲ್ಲಿ ಮೈಯೇ ತಯಾರಿಸುವ ಪ್ರೋಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕ ಬೇಕಿಲ್ಲ. ಡೈಕ್ಲೋ ಜಾತಿಯ ಮದ್ದು ಪ್ರೋಸ್ಟಗ್ಲಾಂಡಿನ್ ತಯಾರಿ ನಿಲ್ಲಿಸುತ್ತದೆ, ಅದಕ್ಕೆ ಅಲ್ಲಿ ಕೆಲಸವೇ ಇಲ್ಲ. ಹಾಟ್ ಪ್ಲೇಟ್ ಇರುವುದು ಮಾರ್ಫಿನ್ ಜಾತಿಗೆ, ಅಂದರೆ ಮೆದುಳು ಮತ್ತು ಬೆನ್ನುಹುರಿಯ ಮಟ್ಟದಲ್ಲಿ ನೋವು ತಡೆಯುವ ಮದ್ದಿಗೆ. ಹೋಲಿಕೆಯ ಮದ್ದಾಗಿ ಮಾರ್ಫಿನ್, ಟ್ರಮಡಾಲ್ ಥರದ್ದು ಇಡಬೇಕಿತ್ತು. ಅವು ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾನೂನಿನ ಕೆಳಗೆ ಬರುತ್ತವೆ, ಟ್ರಮಡಾಲ್ 2018ರಲ್ಲಿ ಸೇರಿತು. ಕಾಗದಪತ್ರದ ತಲೆನೋವು ಬೇಡ ಅಂತ ಎಷ್ಟೋ ಕಡೆ ಡೈಕ್ಲೋ ಇಟ್ಟು ಮುಗಿಸಿಬಿಡುತ್ತಾರೆ.

ನೀವು ಮಾಡಬೇಕಾದ್ದು ಫಾರ್ಮಲಿನ್ ಪರೀಕ್ಷೆ. ಪಾದಕ್ಕೆ ಚುಚ್ಚಿದ ಮೊದಲ 5 ನಿಮಿಷ ನೆಕ್ಕುವುದು ನರಕ್ಕೆ ನೇರವಾಗಿ ತಾಗಿದ ನೋವು. ಆಮೇಲೆ ಸುಮ್ಮನಾಗುತ್ತದೆ. ಸುಮಾರು 15 ನಿಮಿಷದ ನಂತರ ಮತ್ತೆ ಶುರು ಮಾಡುತ್ತದಲ್ಲ, ಅದು ಉರಿಯೂತದ ನೋವು. ಮಾರ್ಫಿನ್ ಎರಡನ್ನೂ ತಗ್ಗಿಸುತ್ತದೆ, ಡೈಕ್ಲೋ ಜಾತಿ ಹೆಚ್ಚಾಗಿ ಎರಡನೆಯದನ್ನು. ನಿಮ್ಮ ಲಕ್ಕಿ ಯಾವ ಕಡೆ ನಿಲ್ಲುತ್ತದೆ ಅಂತ ಒಂದೇ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಮೈಸ್‌ಗೆ, ಅಂದರೆ ಚಿಕ್ಕ ಇಲಿಗಳಿಗೆ, ಅಸೆಟಿಕ್ ಆಸಿಡ್ ಚುಚ್ಚಿ ಎಷ್ಟು ಸಲ ಹೊಟ್ಟೆ ಸೆಳೆದುಕೊಳ್ಳುತ್ತವೆ ಅಂತ ಎಣಿಸುವುದು ಸುಲಭ, ನಿಜ. ಆದರೆ ಅದನ್ನೊಂದೇ ನಂಬಬೇಡಿ. ನಿದ್ದೆ ಬರಿಸುವ ಮದ್ದು ಕೊಟ್ಟರೂ, ಮಾಂಸಖಂಡ ಸಡಿಲ ಮಾಡುವ ಮದ್ದು ಕೊಟ್ಟರೂ ಆ ಲೆಕ್ಕ ಇಳಿಯುತ್ತದೆ. ಲಕ್ಕಿ ಎಲೆಗೆ ಸ್ವಲ್ಪ ಮಂಪರು ತರುವ ಗುಣ ಇದೆ ಅನ್ನುವ ವರದಿಗಳಿವೆ. ಹಾಗಾಗಿ ಜೊತೆಗೆ ರೋಟಾರಾಡ್ ಮಾಡಿ. ತಿರುಗುವ ಕೋಲಿನ ಮೇಲೆ ಇಲಿ ನಿಲ್ಲುತ್ತದೋ ಇಲ್ಲವೋ ನೋಡಿ.

ಯಾದಗಿರಿ ತಮ್ಮ

ಅಕ್ಕಾ, ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಮ್ಮ ಅವ್ವನಿಗೆ ಎರಡು ವರ್ಷದಿಂದ ಮೊಣಕಾಲು ನೋವು. ಬಿಪಿ ಗುಳಿಗೆ ನಡೆದಿದೆ. ಲಕ್ಕಿ ಗಿಡ ಮನೆ ಹಿಂದೆಯೇ ಇದೆ. ಕಷಾಯ ಮಾಡಿ ಎಷ್ಟು ಕುಡಿಸಬಹುದು?

ಸೇಡಂ ಹುಡುಗಿ

ತಮ್ಮಾ, ಕುಡಿಸಬೇಡ. ಸುಮ್ನೆ ಹೆದರಿಸುತ್ತಿಲ್ಲ, ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಇಲಿಯ ಡೋಸನ್ನು ಮನುಷ್ಯರ ಲೆಕ್ಕಕ್ಕೆ ತರಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರ ಮಾರ್ಗಸೂಚಿಯಲ್ಲಿ 6.2ರಿಂದ ಭಾಗಿಸು ಅನ್ನುತ್ತದೆ. 400 ಅಂದರೆ ಕಿಲೋಗೆ ಸುಮಾರು 64 ಮಿ.ಗ್ರಾಂ. ಅವ್ವ 60 ಕಿಲೋ ಇದ್ದರೆ 3.9 ಗ್ರಾಂ ಸಾರ. ನನ್ನ 500 ಗ್ರಾಂ ಪುಡಿಯಿಂದ 58 ಗ್ರಾಂ ಸಾರ ಬಂತಲ್ಲ, ಆ ಲೆಕ್ಕದಲ್ಲಿ ಒಂದು ಸಲಕ್ಕೆ 33 ಗ್ರಾಂ ಒಣ ಸೊಪ್ಪು. ಒಣಗಿದ ಲಕ್ಕಿ ಸೊಪ್ಪು 33 ಗ್ರಾಂ ತೂಗಿ ನೋಡು, ದೊಡ್ಡ ಬೋಗುಣಿ ತುಂಬುತ್ತದೆ. ಅದೂ ಎಥನಾಲ್‌ನಲ್ಲಿ ತೆಗೆದದ್ದು, ನೀರಿನ ಕಷಾಯ ಬೇರೆಯೇ. ನಾನು ಮದ್ದು ಕೊಟ್ಟದ್ದು ಒಂದೇ ಸಲ. ದಿನಾ ಕೊಟ್ಟರೆ ಲಿವರ್, ಕಿಡ್ನಿ ಏನಾಗುತ್ತವೆ ಅಂತ ನಾನು ನೋಡೇ ಇಲ್ಲ. ಬಿಪಿ ಗುಳಿಗೆ ಜೊತೆಗಂತೂ ಬೇಡವೇ ಬೇಡ. ಡಾಕ್ಟರ್‌ಗೆ ತೋರಿಸು.

ನಾನೂ ಒಮ್ಮೆ ಸಾರದ ಬಾಟಲಿ ಊರಿಗೆ ಒಯ್ದು ಆಯಿಗೆ ತೋರಿಸಿದ್ದೆ. ಮೂಸಿ ನೋಡಿ ಮುಖ ತಿರುಗಿಸಿದಳು. "ಇದು ಕುಡಿಲಾಕ ಅಲ್ಲವ್ವಾ, ಕಾಸಿ ಕಟ್ಟಲಾಕ. ವಾಸನೀನೇ ಇಲ್ಲ ಇದಕ್ಕ, ಏನ್ ಕೆಲ್ಸ ಮಾಡ್ತದ?" ಅಂದಳು.

ಹಳೇ ಮೇಷ್ಟ್ರು, ಬೀದರ್

ನಿಮ್ಮ ಆಯಿಯ ಪ್ರಶ್ನೆ ನನಗೆ ಬಹಳ ಹಿಡಿಸಿತು. ಲಕ್ಕಿಯ ಘಾಟು ಅದರ ಎಣ್ಣೆ. ಒಣಗಿಸುವಾಗ ಸ್ವಲ್ಪ ಹೋಯಿತು, ರೋಟರಿಯಲ್ಲಿ ಎಥನಾಲ್ ಜೊತೆಗೆ ಇನ್ನಷ್ಟು ಹಾರಿತು. ಉಳಿದದ್ದು ಫ್ಲೇವನಾಯ್ಡ್, ಇರಿಡಾಯ್ಡ್ ಗ್ಲೈಕೋಸೈಡ್ ಇಂಥ ಹಾರಿಹೋಗದ ರಾಸಾಯನಿಕಗಳು. ಆಯಿ ಕಟ್ಟುವ ಬಿಸಿ ಎಲೆಯಲ್ಲಿ ಎಣ್ಣೆ ಇದೆ, ಶಾಖ ಇದೆ, ಬಿಗಿಯಾದ ಕಟ್ಟು ಇದೆ. ಅದನ್ನು ನೀವು ಪರೀಕ್ಷೆ ಮಾಡಿಲ್ಲ. ಥೀಸಿಸ್‌ನ ಪೀಠಿಕೆಯಲ್ಲಿ "ಜನಬಳಕೆಯನ್ನು ಸಾಬೀತು ಮಾಡಿದೆ" ಅಂತ ಮಾತ್ರ ಬರೆಯಬೇಡಿ. 2003ರಲ್ಲಿ ಶ್ರೀಲಂಕಾದವರು ಬಲಿತ ಹಸಿ ಎಲೆಯ ನೀರಿನ ಸಾರವನ್ನು ಇಲಿಗೆ ಕೊಟ್ಟು ನೋಡಿದ್ದರು. ಹಸಿ ಎಲೆ, ನೀರು. ಎರಡೂ ನಿಮ್ಮದಕ್ಕಿಂತ ಬೇರೆ.

ಹಾಟ್ ಪ್ಲೇಟ್ ಬಗ್ಗೆ ಬಿಸಿಲೂರು ಅವರು ಹೇಳಿದ್ದಕ್ಕೆ ನಾನು ಸೇರಿಸುವುದೇನೂ ಇಲ್ಲ. ಆದರೆ ಚಹಾ ಕುಡಿಸಿದ ಆ 40 ಪರ್ಸೆಂಟ್ ಇದೆಯಲ್ಲ, ನನಗೆ ಅನುಮಾನ ಇರುವುದು ಅಲ್ಲಿ. ಪಾದರಸದ ಯಂತ್ರದಲ್ಲಿ 24 ಇಲಿಗಳನ್ನು ತಾಸಿಗೊಮ್ಮೆ ಅಳೆಯುವುದು ಒಂದೇ ದಿನದಲ್ಲಿ ಆಗುವ ಮಾತಲ್ಲ. ಎಷ್ಟು ದಿನ ತೆಗೆದುಕೊಂಡಿರಿ? ಯಾವ ದಿನ ಯಾವ ಗುಂಪು? ಅಳೆದವರು ಯಾರು, ಅವರಿಗೆ ಯಾವ ಇಲಿಗೆ ಏನು ಕೊಟ್ಟಿದೆ ಅಂತ ಗೊತ್ತಿತ್ತೇ? ಚುಚ್ಚದ ಎಡಗಾಲನ್ನೂ ಅಳೆದಿದ್ದೀರಾ?

ಸೇಡಂ ಹುಡುಗಿ

ಮೇಷ್ಟ್ರೇ, ನಿಮ್ಮ ಪ್ರಶ್ನೆ ಓದಿ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ.

ಎರಡು ದಿನ. ಸೋಮವಾರ ಕಂಟ್ರೋಲ್ ಮತ್ತು 200. ಮಂಗಳವಾರ 400 ಮತ್ತು ಡೈಕ್ಲೋ. ಮದ್ದು ಬೆರೆಸಲು ಹಾಗೆ ಸುಲಭ ಆಗಿತ್ತು, ಬೇರೆ ಕಾರಣ ಇಲ್ಲ. ಸೋಮವಾರ ಅಳೆದದ್ದು ನಾನು ಮತ್ತು ಜೂನಿಯರ್ ಒಬ್ಬಳು, ಮಂಗಳವಾರ ನಾನೊಬ್ಬಳೇ. ಯಾವುದಕ್ಕೆ ಏನು ಕೊಟ್ಟಿದೆ ಅಂತ ಇಬ್ಬರಿಗೂ ಗೊತ್ತಿತ್ತು, ಪಂಜರದ ಮೇಲೆ ಚೀಟಿ ಅಂಟಿಸಿದ್ದೆ.

ಮೇ ತಿಂಗಳು, ನಮ್ಮೂರ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಹೊರಗೆ 42 ಡಿಗ್ರಿ. ಸೋಮವಾರ ಹನ್ನೊಂದೂವರೆಗೆ ಕರೆಂಟ್ ಹೋಗಿದ್ದು ಎರಡೂವರೆಗೆ ಬಂತು. ಎಸಿ ಇಲ್ಲ, ಇಲಿ ಕೋಣೆ 33ಕ್ಕೆ ಏರಿತ್ತು. ಮಂಗಳವಾರ 25ರ ಆಸುಪಾಸು ಇತ್ತು. ಇದನ್ನು ನಾನೇ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಿಟ್ಟಿದ್ದೇನೆ, ಬರೆದು ಮರೆತಿದ್ದೇನೆ.

ಇನ್ನೊಂದು. ಪಾದವನ್ನು ಪಾದರಸದಲ್ಲಿ ಎಷ್ಟು ಮುಳುಗಿಸಬೇಕು ಅಂತ ಗಿಣ್ಣಿನ ಹತ್ತಿರ ಪೆನ್ನಿನಿಂದ ಗೆರೆ ಹಾಕಿರುತ್ತೇವಲ್ಲ. ಇಲಿಗಳು ಅದನ್ನು ನೆಕ್ಕಿ ನೆಕ್ಕಿ ಅಳಿಸಿಬಿಡುತ್ತವೆ. ಸೋಮವಾರ 2ನೇ ತಾಸಿನ ಹೊತ್ತಿಗೆ ಅರ್ಧ ಇಲಿಗಳಿಗೆ ಗೆರೆಯೇ ಇರಲಿಲ್ಲ. ಅಂದಾಜಿನಲ್ಲಿ ಮತ್ತೆ ಎಳೆದವಳು ಜೂನಿಯರ್. ಅವಳದ್ದು ತಪ್ಪಲ್ಲ, ಎಲ್ಲಿ ಎಳೆಯಬೇಕು ಅಂತ ನಾನು ತೋರಿಸಿಯೇ ಇರಲಿಲ್ಲ.

ಎಡಗಾಲು ಅಳೆದಿದ್ದೇನೆ, 0 ಮತ್ತು 3ನೇ ತಾಸಿಗೆ. ಲೆಕ್ಕ ಹಾಕಿರಲಿಲ್ಲ. ಇವತ್ತು ರಾತ್ರಿ ಕೂತು ಹಾಕುತ್ತೇನೆ.

ಇಲಿ ಮನೆ, ಬೀದರ್

ನಾನು ಪ್ರಾಣಿ ಕೋಣೆ ನೋಡಿಕೊಳ್ಳುವವನು, ಓದಿದವನಲ್ಲ. ಒಂದೇ ಮಾತು ಮೇಡಂ. ಕೋಣೆ 18ರಿಂದ 29 ಡಿಗ್ರಿ ಒಳಗೆ ಇರಬೇಕು ಅಂತ ಸರ್ಕಾರಿ ಪ್ರಾಣಿ ಪ್ರಯೋಗ ಸಮಿತಿಯ ನಿಯಮವೇ ಇದೆ. 33ಕ್ಕೆ ಹೋದಾಗ ಇಲಿ ಹೊಟ್ಟೆ ಅಡಿಯಾಗಿ ಉದ್ದಕ್ಕೆ ಚಾಚಿ ಮಲಗುತ್ತದೆ, ಪಾದ ಕೆಂಪಾಗುತ್ತದೆ. ಇಲಿಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಬರುವುದಿಲ್ಲ. ಬಾಲ, ಪಾದಕ್ಕೆ ರಕ್ತ ಜಾಸ್ತಿ ಹರಿಸಿ ಬಿಸಿ ಹೊರಗೆ ಹಾಕುತ್ತದೆ. ಆ ಹೊತ್ತಿನಲ್ಲಿ ಪಾದ ಅಳೆಯಬಾರದು.

ಸೇಡಂ ಹುಡುಗಿ

ಲೆಕ್ಕ ಮುಗಿಯಿತು. ಏನೂ ಚುಚ್ಚದ ಎಡಗಾಲು ಸೋಮವಾರ 3ನೇ ತಾಸಿಗೆ ಸರಾಸರಿ 0.09 ಮಿ.ಲೀ. ದಪ್ಪ ಆಗಿದೆ. ಮಂಗಳವಾರ 0.01. ಏನೂ ಚುಚ್ಚದ ಕಾಲು!

ಇದನ್ನು ಕಳೆದರೆ ಕಂಟ್ರೋಲ್ 0.53, ಲಕ್ಕಿ 200 ಅಂದರೆ 0.39, ಲಕ್ಕಿ 400 ಅಂದರೆ 0.36, ಡೈಕ್ಲೋ 0.24. 400ರ 40 ಪರ್ಸೆಂಟ್ 32ಕ್ಕೆ ಇಳಿಯಿತು. 200ರದ್ದು 23 ಇದ್ದದ್ದು 26 ಆಯಿತು. ಡೋಸು ಎರಡು ಪಟ್ಟು ಮಾಡಿದರೂ ಹೆಚ್ಚಿದ್ದು ಇಷ್ಟೇ. ಡೋಸ್ ಏರಿದ ಹಾಗೆ ಪರಿಣಾಮ ಏರಿತು ಅಂತ ಗ್ರಾಫ್ ಬರೆದು, ಬಣ್ಣ ಕೂಡ ಹಾಕಿ ಇಟ್ಟಿದ್ದೆ.

ಈ ಹೊಸ ಅಂಕಿಗಳನ್ನೇ ಥೀಸಿಸ್‌ನಲ್ಲಿ ಹಾಕಬಹುದಾ ಮೇಷ್ಟ್ರೇ?

ಹಳೇ ಮೇಷ್ಟ್ರು, ಬೀದರ್

ಹಾಕಬಹುದು, ಆದರೆ ಮುಖ್ಯ ಫಲಿತಾಂಶ ಅಂತ ಅಲ್ಲ. ಎಡಗಾಲು ಕಳೆದರೆ ಸೆಕೆಯದ್ದು ಸ್ವಲ್ಪ ಹೋಗುತ್ತದೆ. ಬಲಗಾಲಿನ ಗೆರೆ ಎಲ್ಲಿ ಜರುಗಿತ್ತು ಅಂತ ಅದು ಹೇಳುವುದಿಲ್ಲ. ನೋವಿರುವ ಕಾಲನ್ನೇ ಇಲಿ ಹೆಚ್ಚು ನೆಕ್ಕುತ್ತದೆ, ಆ ಗೆರೆಯೇ ಮೊದಲು ಅಳಿಯುತ್ತದೆ.

ಈಗ ನಿಮ್ಮ ಹತ್ತಿರ ಇರುವುದು ಇಷ್ಟು. ಸೋಮವಾರದ 200ನ್ನು ಸೋಮವಾರದ ಕಂಟ್ರೋಲ್ ಜೊತೆ ಹೋಲಿಸಬಹುದು. ಮಂಗಳವಾರದ 400ನ್ನು ಮಂಗಳವಾರದ ಡೈಕ್ಲೋ ಜೊತೆ ಹೋಲಿಸಬಹುದು. ಸೋಮವಾರವನ್ನು ಮಂಗಳವಾರದ ಜೊತೆ ಹೋಲಿಸಿದರೆ ನೀವು ಅಳೆಯುತ್ತಿರುವುದು ಲಕ್ಕಿಯನ್ನೋ, ಎಸಿಯನ್ನೋ, ಜೂನಿಯರ್ ಕೈಯನ್ನೋ ಗೊತ್ತಾಗುವುದಿಲ್ಲ. ಗುಂಪುಗಳನ್ನು ಹೋಲಿಸುವ ಅನೋವಾ, ಡನೆಟ್ ಅನ್ನುವ ಸಂಖ್ಯಾಶಾಸ್ತ್ರದ ಲೆಕ್ಕ ಎಲ್ಲ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಅದಕ್ಕೆ ಕರೆಂಟ್ ಹೋದದ್ದು ಗೊತ್ತಿಲ್ಲ, ಅಲ್ವಾ?

ಒಂದು ಸಮಾಧಾನ ಇದೆ. ಮೊದಲ ತಾಸಿನಲ್ಲಿ ಪರಿಣಾಮ ಇಲ್ಲ, 3ನೇ ತಾಸಿನಲ್ಲಿ ಇದೆ ಅಂದಿರಿ. ಕ್ಯಾರಜೀನನ್ ಬಾವಿನ ಮೊದಲ ಭಾಗ ಹಿಸ್ಟಮಿನ್, ಸಿರೊಟೋನಿನ್ ಅನ್ನುವ ರಾಸಾಯನಿಕಗಳದ್ದು, ಆಮೇಲಿನದು ಪ್ರೋಸ್ಟಗ್ಲಾಂಡಿನ್‌ನದ್ದು. ಮಂಗಳವಾರದ 400ರಲ್ಲೂ ಡೈಕ್ಲೋದಲ್ಲೂ ತಾಸಿನಿಂದ ತಾಸಿಗೆ ಬಾವು ಹೇಗೆ ಏರಿದೆ ಅಂತ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ದಿನ, ಒಂದೇ ಕೈ. ಎರಡರ ಏರಿಕೆ ಒಂದೇ ಥರ ಇದ್ದರೆ ಫಾರ್ಮಲಿನ್‌ಗೆ ಏನು ನಿರೀಕ್ಷೆ ಇಡಬೇಕು ಅಂತ ನಿಮಗೇ ಗೊತ್ತಾಗುತ್ತದೆ.

ಮತ್ತೆ ಮಾಡುವುದಾದರೆ ದಿನಕ್ಕೆ 8 ಇಲಿ, ಪ್ರತಿ ಗುಂಪಿನಿಂದ 2. ಮೂರು ದಿನ. ಒಂದು ದಿನ ಕೆಟ್ಟರೂ ನಾಲ್ಕೂ ಗುಂಪಿಗೆ ಸಮನಾಗಿ ಕೆಡುತ್ತದೆ. ಮದ್ದು ಬೆರೆಸುವವರು ಬೇರೆ, ಅಳೆಯುವವರು ಬೇರೆ. ಬಾಟಲಿಗೆ ಕ, ಖ, ಗ, ಘ ಅಂತ ಮಾತ್ರ ಚೀಟಿ. ನಿಮ್ಮ ಸಾರ ಅದನ್ನು ಬೆರೆಸುವ ಸಿಎಂಸಿ ಅನ್ನುವ ಮಂದ ದ್ರಾವಣದಲ್ಲಿ ತಳಕ್ಕೆ ಕೂರುತ್ತದೆ, ಪ್ರತಿ ಇಲಿಗೂ ಸಿರಿಂಜ್ ತುಂಬುವ ಮುಂಚೆ ಅಲ್ಲಾಡಿಸಿ. ಇಲ್ಲದಿದ್ದರೆ ಮೊದಲ ಇಲಿಗೆ ನೀರು, ಕೊನೆಯದಕ್ಕೆ ಕೆಸರು. ಇಷ್ಟಾದರೂ ಮಾಡದೆ 24 ಜೀವ ತೆಗೆದುಕೊಳ್ಳುವುದು ಸರಿಯಲ್ಲ, ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ.

ಸೇಡಂ ಹುಡುಗಿ

ಇಲ್ಲ ಮೇಷ್ಟ್ರೇ, ಬೈದರೂ ಸರಿಯೇ.

ಇವತ್ತು ಗೈಡ್ ಹತ್ತಿರ ಹೋದೆ. ಎಡಗಾಲಿನ ಟೇಬಲ್ ಅನ್ನೇ ಮೊದಲು ಇಟ್ಟೆ. ಐದು ನಿಮಿಷ ಮಾತಾಡಲಿಲ್ಲ. ಆಮೇಲೆ "ಎಡಗಾಲು ಯಾಕೆ ಅಳೆದೆ?" ಅಂದರು. ಪ್ರೋಟೋಕಾಲ್‌ನಲ್ಲಿ ಇತ್ತು ಸರ್, ಅಂದೆ. "ಇತ್ತಾ?" ಅಂದರು. ಬರೆದವರು ಅವರೇ. ಕೊನೆಗೆ ಎಥಿಕ್ಸ್ ಸಮಿತಿಗೆ ಅರ್ಜಿ ಹಾಕು ಅಂದರು, ಕ್ಯಾರಜೀನನ್ ಮತ್ತೊಮ್ಮೆ, ಹಾಟ್ ಪ್ಲೇಟ್ ಬದಲು ಫಾರ್ಮಲಿನ್. ಯಾಕೆ ಮತ್ತೆ ಪ್ರಾಣಿ ಬೇಕು ಅಂತ ಸಮಿತಿ ಕೇಳೇ ಕೇಳುತ್ತದೆ. ಸೋಮವಾರದ ಕಥೆಯನ್ನು ಪೂರ್ತಿ ಬರೆಯುತ್ತೇನೆ, ಹಾಟ್ ಪ್ಲೇಟ್‌ನ ಫಲಿತಾಂಶವನ್ನೂ ಥೀಸಿಸ್‌ನಿಂದ ತೆಗೆಯುವುದಿಲ್ಲ.

ಮಂಗಳವಾರದ ಎರಡು ಗುಂಪನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಎರಡೂ ಮೊದಲ ತಾಸಿನಲ್ಲಿ ಹೆಚ್ಚುಕಡಿಮೆ ಒಂದೇ, 2ನೇ ತಾಸಿನಿಂದ ಬೇರೆಯಾಗುತ್ತವೆ. ಲಕ್ಕಿ ಡೈಕ್ಲೋದ ಹಿಂದೆ ಹಿಂದೆಯೇ ಇದೆ, ಆದರೆ ಹಿಂದೆ.

ಸೊಪ್ಪು ಹೊಸದಾಗಿ ತರಬೇಕಾಗಿಲ್ಲ. ಫ್ರಿಜ್‌ನಲ್ಲಿ ಅದೇ ಸಾರ 9 ಗ್ರಾಂ ಉಳಿದಿದೆ. 200 ಗ್ರಾಂ ತೂಕದ 6 ಇಲಿಗೆ 400ರಂತೆ ಅರ್ಧ ಗ್ರಾಂ ಕೂಡ ಬೇಡ. ಬೇಸಿಗೆಯ ಸೊಪ್ಪು, ಮಳೆಗಾಲದ ಸೊಪ್ಪು ಅನ್ನುವ ಇನ್ನೊಂದು ಗೊಂದಲ ತಪ್ಪಿತು.

ಒಂದೇ ಒಂದು ಉಳಿದಿದೆ. ಗೆರೆ. ನೆಕ್ಕಿದರೂ ಹೋಗದ ಹಾಗೆ ಏನಾದರೂ ಇದೆಯಾ? ಮೈಮೇಲೆ ಗುರುತಿಗೆ ಹಚ್ಚುವ ಹಳದಿ ಪಿಕ್ರಿಕ್ ಆಸಿಡ್ ಹಚ್ಚಲಾ?

ಇಲಿ ಮನೆ, ಬೀದರ್

ಪಾದಕ್ಕೆ ಪಿಕ್ರಿಕ್ ಬೇಡ ಮೇಡಂ, ಅದು ವಿಷ. ಬೆನ್ನ ಮೇಲಿನ ಕೂದಲಿಗೆ ಸರಿ, ನೆಕ್ಕುವ ಜಾಗಕ್ಕಲ್ಲ. ಪರ್ಮನೆಂಟ್ ಮಾರ್ಕರ್ ಸಾಕು. ಹಿಂದಿನ ದಿನವೇ ಗಿಣ್ಣಿನ ಹೊರಗಿನ ಮೂಳೆ ಬೆರಳಿಗೆ ಸಿಗುವ ಜಾಗ ನೋಡಿ, ಅದರ ಸುತ್ತಲೂ ಗೆರೆ ಎಳೆದು ಒಣಗಲು ಬಿಡಿ. ಎರಡೂ ಕಾಲಿಗೆ. ಮರುದಿನ ಪ್ರತಿ ಸಲ ಪಾದರಸದಿಂದ ಕಾಲು ತೆಗೆದ ಕೂಡಲೇ, ಹಳೇ ಗೆರೆ ಇನ್ನೂ ಕಾಣುವಾಗಲೇ ಅದರ ಮೇಲೆಯೇ ಒಂದು ಸಲ ಎಳೆದುಬಿಡಿ. ಅಳಿದ ಮೇಲೆ ಹುಡುಕಬೇಡಿ. ಎಳೆಯುವ ಕೈ ಒಂದೇ ಇರಲಿ. ಕರೆಂಟ್ ಹೋದರೆ ಆ ದಿನ ಚುಚ್ಚಲೇಬೇಡಿ, ಮೊದಲೇ ಜನರೇಟರ್‌ಗೆ ಡೀಸೆಲ್ ಇದೆಯಾ ಕೇಳಿಕೊಳ್ಳಿ.